ಜಿಪ್ಪಿನ ಬಾಗಿಲು

ಅರಸೀಕೆರೆಯಲ್ಲಿ, ರೈಲ್ವೆ ಬೇಲಿಗೆ ಬೆನ್ನು ಕೊಟ್ಟು
ನಮ್ಮ ಟಾರ್ಪಾಲು ಅಂಗಡಿ.
ಲಾರಿಗೆ ಹೊದಿಕೆ, ಆಟೋಗೆ ಟಾಪು, ಶಾಮಿಯಾನಕ್ಕೆ ತೇಪೆ.
ಮನೆಗೊಂದು ಸೆರಗು ಹೊಲಿದುಕೊಡಿ ಎಂದವರು
ಅರುಳಪ್ಪನವರೇ ಮೊದಲು.

ಮನೆ ಅಂದರೆ ವ್ಯಾನು.
ಹಳೇ ಟೆಂಪೋ ಟ್ರಾವೆಲರ್, ಯಾವುದೋ ಶಾಲೆಯ ಹೆಸರು
ಹೊಸ ಬಣ್ಣದಡಿ ಇನ್ನೂ ಉಬ್ಬಿಕೊಂಡಿದೆ.
ಒಳಗೆ ಎರಡು ಮಂಚ, ಒಂದು ಒಲೆ,
ಸಿಂಕಿನ ಮೇಲೆ ಮಾತೆ ಮರಿಯ,
ಬಾಗಿಲ ಸಂದಿಯಲ್ಲಿ ಗಾರ್ಡಿನ ಹಸಿರು ಬಾವುಟ, ಸುತ್ತಿಟ್ಟದ್ದು.
ಮೂವತ್ತನಾಲ್ಕು ವರ್ಷ ಗೂಡ್ಸ್ ರೈಲಿನ ಕೊನೇ ಡಬ್ಬಿಯಲ್ಲಿ
ಒಬ್ಬರೇ ಕೂತು, ಹಿಂದಕ್ಕೆ ಸರಿಯುವ ಊರು ನೋಡಿದವರು.
ಈಗ ಮುಂದಿನಿಂದ ನೋಡಬೇಕಂತೆ.

ಸೆರಗು ಹರಿದದ್ದು ಜಾವಗಲ್ಲಿನಾಚೆ, ಬಯಲಲ್ಲಿ.
"ಮಡಚಿಡಿ ಅಂದೆ, ಕೇಳಲಿಲ್ಲ."
"ಗಾಳಿ ಹೇಳಿ ಬರುತ್ತಾ?"
"ಗಾಳಿ ಹೇಳಲ್ಲ. ನಾನು ಹೇಳಿದ್ದೆ."
ನಾನು ಸುಮ್ಮನೆ ಟೇಪು ಹಿಡಿದೆ.
ಹನ್ನೊಂದಡಿ ನಾಲ್ಕಿಂಚು ಉದ್ದ. ಎಂಟಡಿ ಚಾಚು.

ಉರುಳೆಯೊಳಗೆ ಸ್ಪ್ರಿಂಗು, ಅಂಗಡಿ ಶಟರಿನದೇ ಬುದ್ಧಿ.
ಮೊಳೆ ಕೊಟ್ಟು ತಡೆಯದೆ ಬಿಚ್ಚಿದರೆ
ಹೆಬ್ಬೆರಳು ಹೋಯಿತೆಂದೇ ಲೆಕ್ಕ.
ಒಂದೊಂದೇ ಸುತ್ತು ಬಿಡುತ್ತ ಸೀಮೆಸುಣ್ಣದಲ್ಲಿ ಗೀಟೆಳೆದೆ:
ಹದಿನಾಲ್ಕು. ಮತ್ತೆ ಅಷ್ಟೇ ಬಿಗಿಯಬೇಕು.

ಅವರು ಗೂಡ್ಸ್ ಟೈಮಿಂಗ್ ಕೇಳಲು ಸ್ಟೇಷನ್ನಿಗೆ ಹೋದಾಗ
ಸಿಸಿಲಿಯಮ್ಮ ಮಿಷಿನ್ನಿನ ಪಕ್ಕ ಬಂದು ಕೂತರು.
"ಸೆರಗಿನಡಿ ಒಂದು ರೂಮು ಆಗುತ್ತಾ ಪುತಳಾ?
ಸುತ್ತ ಗೋಡೆ, ಸೊಳ್ಳೆ ಬಲೆಯ ಕಿಟಕಿ,
ಬಾಗಿಲಿಗೆ ಜಿಪ್ಪು. ಒಳಗಿಂದ ಹಾಕೋ ಥರ.
ಅವರು ಲೈನಿಗೆ ಹೋದರೆ ಕ್ವಾರ್ಟರ್ಸ್ ಪೂರಾ ನನ್ನದು.
ರೇಡಿಯೋ ನನ್ನದು, ಮಂಚದ ಎರಡೂ ಮಗ್ಗುಲು ನನ್ನದು.
ಮೂರು ದಿನಕ್ಕೊಮ್ಮೆ ನೆಂಟರ ಹಾಗೆ ಬರೋರು. ಚೆನ್ನಾಗಿತ್ತು.
ಈಗ ಬೆಳಗ್ಗೆಯೂ ಅವರ ಕೆಮ್ಮು, ಮಧ್ಯಾಹ್ನವೂ ಅವರ ಕೆಮ್ಮು.
ಬೇಡ ಅಂತಲ್ಲ.
ಮುನಿಸಿಕೊಂಡು ಹೋಗೋಕೆ ಒಂದು ಜಾಗ ಬೇಕಲ್ಲ?
ವ್ಯಾನಲ್ಲಿ ಮುನಿಸಿಕೊಂಡರೆ ಡ್ರೈವರ್ ಸೀಟಿಗೇ ಹೋಗಬೇಕು.
ಅಲ್ಲಿ ಕೂತರೆ 'ಎಲ್ಲಿಗೆ ಹೊರಟೆ' ಅಂತಾರೆ."

ಎರಡು ದಿನ ಹೊಲಿದೆ.
ಮೇಲಕ್ಕೆ ನೀಲಿ, ಗೋಡೆಗೆ ಖಾಕಿ ಕ್ಯಾನ್ವಾಸು.
ಇಪ್ಪತ್ತಮೂರರ ಸೂಜಿ ಮೂರು ಮುರಿದವು.
ಎಡಗೋಡೆ ನಾಲ್ಕು ಬೆರಳು ಗಿಡ್ಡವಾಯಿತು, ನನ್ನದೇ ತಪ್ಪು:
ಲಾರಿ ಲೆಕ್ಕದಲ್ಲಿ ಕತ್ತರಿಸಿದ್ದೆ,
ಲಾರಿಯ ಹೊದಿಕೆ ನೆಲ ಮುಟ್ಟಬೇಕಿಲ್ಲ.
ಹರಿದ ಸೆರಗಿನದೇ ಪಟ್ಟಿ ಕೊಟ್ಟು ಸರಿ ಮಾಡಿದೆ.
ಅಂಚಿನ ಹಗ್ಗವನ್ನು ಅಲ್ಯೂಮಿನಿಯಂ ಸೀಳಿಗೆ ಏರಿಸುವುದೆಂದರೆ
ಲಂಗಕ್ಕೆ ಲಾಡಿ ಏರಿಸಿದ ಹಾಗೆ,
ಲಂಗ ಮಾತ್ರ ಹನ್ನೊಂದಡಿ.
ಸಿಕ್ಕಿಕೊಂಡಲ್ಲಿ ಸಿಸಿಲಿಯಮ್ಮ ಮೇಣದ ಬತ್ತಿ ಕೊಟ್ಟರು,
ಹರಕೆಗೆ ಅರ್ಧ ಉರಿದು ಉಳಿದದ್ದು.

ಸಂಜೆ ಹಿತ್ತಲಲ್ಲಿ ಕಂಬ ನಿಲ್ಲಿಸಿ, ಗೂಟ ಹೊಡೆದು ನೋಡಿದೆವು.
"ಗೋಡೆ ಯಾಕೆ?" ಎಂದರು ಅರುಳಪ್ಪ.
"ಗಾಳಿಗೆ" ಎಂದೆ.
ತಲೆ ಬಗ್ಗಿಸಿ ಒಳಹೊಕ್ಕರು.
ಮೂಲೆ ಮೂಲೆ ಒತ್ತಿ ನೋಡಿದ ಸದ್ದು. ಸ್ಟೂಲು ಎಳೆದ ಸದ್ದು.
ಆಮೇಲೆ ಸರ್‍ರನೆ ಜಿಪ್ಪು.
"ಬ್ರೇಕ್ ವ್ಯಾನೂ ಇಷ್ಟೇ ಇತ್ತು ಕಣೇ"
ಎಂದಿತು ಕ್ಯಾನ್ವಾಸು.

ಸಿಸಿಲಿಯಮ್ಮ ಆ ಬಾಗಿಲನ್ನು ನೋಡಿದರು. ನನ್ನನ್ನು ನೋಡಿದರು.
ಬೈಯುತ್ತಾರೆ ಅಂದುಕೊಂಡೆ.
ಚಪ್ಪಲಿ ಬಿಟ್ಟು ವ್ಯಾನು ಹತ್ತಿದರು.
ಸ್ವಲ್ಪ ಹೊತ್ತಿಗೆ ರೇಡಿಯೋ.

ಬೇಲಿಯಾಚೆ ಗೂಡ್ಸೊಂದು ಬಂತು, ಬೀರೂರಿನ ಕಡೆಯಿಂದ, ನಿಧಾನ.
ಬಲೆಯ ಕಿಟಕಿಯಿಂದ ಎಣಿಕೆ ಕೇಳುತ್ತಿತ್ತು,
ಐವತ್ತಾರು, ಐವತ್ತೇಳು,
ಐವತ್ತೆಂಟು.
ಕೊನೇ ಡಬ್ಬಿಯಲ್ಲಿ ಯಾರೂ ಇರಲಿಲ್ಲ.
ಒಂದು ಕೆಂಪು ದೀಪ ಕಟ್ಟಿದ್ದರು, ಮಿನುಗುತ್ತಿತ್ತು.
ಎಣಿಕೆ ನಿಂತಿತು.
ವ್ಯಾನಿನೊಳಗೆ ರೇಡಿಯೋ ಒಂದಿಷ್ಟು ಸಣ್ಣದಾಯಿತು.

ನಾನು ಬಿಲ್ಲು ಬರೆಯುತ್ತಿದ್ದೆ.
ಕ್ಯಾನ್ವಾಸು, ಬಲೆ, ಹಗ್ಗ, ಕೂಲಿ.
ಒಳಗಿಂದ ಮಾತ್ರ ಎಂದಿದ್ದರು.
ಎರಡೂ ಕಡೆಯಿಂದ ಎಳೆಯುವಂಥ ಜಿಪ್ಪು ಹಾಕಿದ್ದೆ.
ಹೆಚ್ಚಿಗೆ ಬಿದ್ದದ್ದು ಮೂವತ್ತು ರೂಪಾಯಿ.
ಅದನ್ನು ಬರೆಯಲಿಲ್ಲ.