ಮಗ್ಗುಲು

ಗಾಜಿನ ಮೇಲೆ ಬೆಕ್ಕಿನ ಕೂದಲು, ಒಂದೇ ಒಂದು.
ಕಾರೆಲ್ ಅದನ್ನು ಉಗುರಿನ ತುದಿಯಲ್ಲಿ ಎತ್ತುತ್ತಾನೆ,
ಮಗುವಿನ ಕಣ್ಣಿನ ಕಸ ತೆಗೆಯುವ ಹಾಗೆ.
'ಹೆಲ್ವೆ ಅಜ್ಜಿ, ಹಾಳೆಯ ಎರಡೂ ಮೈಗೆ
ಚಿತ್ರ ಬಿಡಿಸಬಾರದಿತ್ತು ನೀವು.
ಇದರ ಗೆರೆ ಅದಕ್ಕೆ ಮೂಡುತ್ತದೆ.'

ಮೂಡಲಿ ಬಿಡಪ್ಪಾ.
ಇಪ್ಪತ್ತೆರಡು ವರ್ಷ ವಿರ್ತ್ಸು ದಡದಲ್ಲಿ
ಹಡಗಿನ ಟಿಕೆಟ್ ಕಿಂಡಿಯ ಹಿಂದೆ ಕೂತವಳು ನಾನು.
ಕಾಗದ ಸಿಗದ ಕಾಲ; ಸಿಕ್ಕರೆ
ಈರುಳ್ಳಿ ಸಿಪ್ಪೆಯಷ್ಟು ತೆಳು.
ದ್ವೀಪಕ್ಕೆ ಹೋಗುವವರು ಮುಂಬದಿಗೆ,
ಬಲಕ್ಕೆ ಮುಖ ಮಾಡಿ, ಗಾಳಿಗೆ ಬಗ್ಗಿ.
ತಿರುಗಿ ಬಂದಾಗ ಅದೇ ಹಾಳೆಯ ಬೆನ್ನಿಗೆ,
ಎಡಕ್ಕೆ ಮುಖ, ಸ್ವಲ್ಪ ದಪ್ಪಗಾಗಿ,
ಇಲ್ಲವೇ ಟೋಪಿ ಕಳೆದುಕೊಂಡು.
ಕಚೇರಿಯ ಲೆಕ್ಕ ಬೇರೆ. ಇದು ನನ್ನದು.

ಮೂವತ್ತೊಂದು ಪುಸ್ತಕ. ಗ್ರಂಥಾಲಯಕ್ಕೆ ಈಗ ಬೇಕಂತೆ.
ಸೀಸದ ಪುಡಿ ಎದುರು ಹಾಳೆಗೆ ಅಂಟಿ
ಎಷ್ಟೋ ಮಂದಿಗೆ ಮೀಸೆ ಬಂದಿದೆ,
ಪಾಪ, ಶಾಲೆಯ ಟೀಚರಮ್ಮನಿಗೂ.
ನಡುವಿನ ಹೊಲಿಗೆ ಅಗಲಿಸಿ ಒತ್ತಿದರೆ
ಪುಸ್ತಕ ಮೊಣಕಾಲಿನ ಹಾಗೆ ಲಟಕ್ಕೆನ್ನುತ್ತದೆ.
ಕಾರೆಲ್ ನಿಧಾನಿ. ಅಂಗುಲಕ್ಕೆ ಆರುನೂರು ಚುಕ್ಕಿ ಅನ್ನುತ್ತಾನೆ.
ನಾನು ಒಂದು ಮುಖಕ್ಕೆ
ಹತ್ತು ಗೆರೆಯೂ ಖರ್ಚು ಮಾಡಿದವಳಲ್ಲ.

ಅವನು ಕಲಿಸಿದ್ದು ಇಷ್ಟು:
ಬಿಳಿ ಮುಚ್ಚಳ ಬೆಳಕನ್ನು ವಾಪಸು ಕಳಿಸುತ್ತದೆ,
ಬರುವಾಗ ಅದು ಹಿಂಬದಿಯವರನ್ನೂ ಕರೆತರುತ್ತದೆ.
ಬೆನ್ನಿಗೊಂದು ಕಪ್ಪು ರಟ್ಟು ಕೊಡಿ,
ಬೆಳಕು ಅಲ್ಲೇ ಮುಳುಗುತ್ತದೆ.
ಹೌದು, ಮುಳುಗಿತು.
ಹೋಗುವವರು ಹೋಗುತ್ತಲೇ ಇದ್ದರು,
ಬರುವವರ ಕಾಲು ಅವರ ಕಾಲಿಗೆ ತೊಡರದೆ.

ಮಧ್ಯಾಹ್ನ, ಹದಿನೇಳನೆಯ ಪುಸ್ತಕ.
ಎಡ ಹೆಗಲಿನ ಮೇಲೆ ಗೋಣಿ ಸುತ್ತಿದ ಸೇಬಿನ ಸಸಿ,
ಬೇರು ಹಿಂದಕ್ಕೆ, ಎಳೆ ಕೊಂಬೆ ಮುಂದಕ್ಕೆ,
ಕಿವಿಯ ಪಕ್ಕದಲ್ಲೇ ಎರಡು ಎಲೆ.
ಹೆಸರು ಕೇಳಲಿಲ್ಲ. 'ಹೋಗಿ ಬರುವುದಕ್ಕಾ?' ಅಂದೆ.
'ಹೋಗುವುದಕ್ಕೆ' ಅಂದ. ಚಿಲ್ಲರೆ ಎಣಿಸಿ ಕೊಟ್ಟ.
ಒಂದು ಕೊಪೆಕ್ ಹೆಚ್ಚಿತ್ತು. ವಾಪಸು ಕೊಡುವಷ್ಟರಲ್ಲಿ
ಹಡಗಿನ ಬಾಯಿ ಮುಚ್ಚಿತ್ತು.

ಹಾಳೆ ಮಗುಚಿದೆವು. ಖಾಲಿ.
ಹಾಗೇ ಬಿಟ್ಟಿದ್ದೆ, ಅವನಿಗೆಂದು.
ಬೇರೆ ಯಾರನ್ನೂ ಅಲ್ಲಿ ಕೂರಿಸಲಿಲ್ಲ,
ಕಾಗದಕ್ಕೆ ಅಷ್ಟು ಬರವಿದ್ದರೂ.
ಸತ್ತನೆಂದು ಯಾರೂ ಹೇಳಿಲ್ಲ.
ಚಳಿಗಾಲ ಕಡಲು ಹೆಪ್ಪುಗಟ್ಟಿದರೆ
ಮಂಜಿನ ಮೇಲೇ ದಾರಿ ಬೀಳುತ್ತಿತ್ತು,
ಕಿಂಡಿಗೆ ಬೀಗ, ಯಾರಿಗೂ ಟಿಕೆಟ್ ಬೇಡ.
ಆ ದಾರಿಯಲ್ಲಿ ನಡೆದು ಬಂದಿದ್ದರೆ
ನನ್ನ ಲೆಕ್ಕಕ್ಕೆ ಹೇಗೆ ಸಿಗಬೇಕು?

'ಇದರಲ್ಲಿ ಏನೂ ಇಲ್ಲ, ಬಿಡಲೇ?'
'ಬಿಡಬೇಡ. ರಟ್ಟು ತೆಗೆ.'
'ಅಜ್ಜೀ, ಕಲೆ ಬರುತ್ತದೆ.'
'ತೆಗೆ ಅಂದೆ.'

ಬೆಳಕಿನ ಪಟ್ಟಿ ಮೆಲ್ಲಗೆ ಆಚೆಗೆ ಹೋಯಿತು.
ತೆರೆಯ ಮೇಲೆ ಮೊದಲು ಕಾಗದದ ನಾರು,
ಆಮೇಲೆ ಹಾಲಿಗೆ ಬಿದ್ದ ಹೊಗೆಯಂಥ ಗೆರೆ:
ಎಡಕ್ಕೆ ಮುಖ ಮಾಡಿ ಬರುತ್ತಿದ್ದಾನೆ.
ಸಸಿ ಬಲ ಹೆಗಲಿಗೆ ಬದಲಾಗಿದೆ.
ನೆಟ್ಟಿಲ್ಲವೇನೋ, ಇಷ್ಟು ವರ್ಷ ಹೊತ್ತೇ ಇದ್ದನೇನೋ.
ಹಿಂಬದಿಗೆ ನಾನು ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಕಾರೆಲ್ ಗಾಜು ಒರೆಸುವ ಬಟ್ಟೆ ಹಿಡಿದು
ನನ್ನನ್ನು ನೋಡುತ್ತಾನೆ, ಪರದೆಯನ್ನು ನೋಡುತ್ತಾನೆ.
'ಏನೆಂದು ಹೆಸರು ಕೊಡಲಿ? ಖಾಲಿ ಅಂತಲೇ?'
ಹದಿನೇಳು, ನಲವತ್ತು, ಹಿಂಬದಿ.
ಅಷ್ಟು ಸಾಕು, ಬರೆ.

ಮುಂದಿನ ಹಾಳೆ ಮೈಮುವಿನದು,
ಸಂತೆಗೆ ಹೊರಟವಳ ಕಂಕುಳಲ್ಲಿ ಹಂದಿಮರಿ.
ಹಿಂಬದಿಯಲ್ಲಿ ಅವಳೇ, ಬರಿಗೈ, ಮೂಗು ಒರೆಸುತ್ತಾ.
ಇದಕ್ಕೆ ಕಪ್ಪು ರಟ್ಟು ಇಡು ಮಗಾ,
ಹಂದಿಮರಿ ಇನ್ನೂ ಕಂಕುಳಲ್ಲೇ ಇರಲಿ.