ಮೂರು, ಎರಡು, ಆರು

ಅಬರ್‌ಡೇರ್, ಜನವರಿ, ಗುರುವಾರದ ಕೊನೆಯ ಬಾಯಿ:
ಗೆಥಿನ್ ಪ್ರಾಸರ್, ಇಪ್ಪತ್ತಾರು, ಬ್ಯಾಂಡಿನಲ್ಲಿ ಕಾರ್ನೆಟ್ ಊದುವವನು.
ತೆರೆದ ಕೂಡಲೇ ಮಾವಿನ ವಾಸನೆ,
ಯಾವ ಮರದಲ್ಲೂ ಹಣ್ಣಾಗದ ಮಾವು.

ಬ್ರಷ್ ಮಾಡುವಾಗ ರಕ್ತ ಬರುತ್ತದೆಯೇ?
ಒಂದು ಹನಿಯೂ ಇಲ್ಲ, ಅಂದ, ಹೆಮ್ಮೆಯಿಂದಲೇ.

ಹತ್ತೊಂಬತ್ತು ವರ್ಷದಿಂದ ಇದೇ ನನ್ನ ಕೆಲಸ.
ಗೆರೆ ಕೊರೆದ ಸಣ್ಣ ಕಡ್ಡಿಯನ್ನು
ಹಲ್ಲಿಗೂ ವಸಡಿಗೂ ನಡುವೆ ಇಳಿಸಿ
ಎಲ್ಲಿ ನಿಂತಿತೋ ಅಷ್ಟನ್ನು ಗಟ್ಟಿಯಾಗಿ ಹೇಳುವುದು.
ಟೆಗ್ವೆನ್ ಬರೆದುಕೊಳ್ಳುತ್ತಾಳೆ.
ಮೂರು, ಎರಡು, ಮೂರು.
ಮೂರು, ನಾಲ್ಕು, ಐದು.
ಮೇಲಿನ ಸಾಲು, ಮುಂದಿನ ಹಲ್ಲು: ಮೂರು, ಎರಡು,
ಆರು.
ಪೆನ್ನು ಒಂದು ಗಳಿಗೆ ನಿಂತಿತು.

ಅವನಿಗೂ ಎಣಿಕೆ ಗೊತ್ತು,
ಇಪ್ಪತ್ತೆಂಟು ಬಾರಿನ ಮೌನ ಎಣಿಸಿ ತಪ್ಪದೆ ಸ್ವರ ಹಿಡಿಯುವವನು.
ಬಾಯಿ ತೆರೆದೇ ಇತ್ತು; ಕಣ್ಣಲ್ಲಿ ಕೇಳಿದ, ಆರು ಅಂದರೆ?

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವ ಮಾತು
ಮೂರು ವರ್ಷದಿಂದ ಇವನ ಜೇಬಿನಲ್ಲಿ ಸುಳ್ಳಾಗಿ ಕೂತಿದೆ.
ತಾತ ಗಣಿಯ ಕಪ್ಪು ಕೆಮ್ಮಿ ಸತ್ತವನು,
ಮೊಮ್ಮಗ ಬಿಳಿಯದನ್ನೆಲ್ಲ ಶುದ್ಧವೆಂದುಕೊಂಡ.
ನಾನೂ ಅಷ್ಟೇ ಅನ್ನಿ. ಸಿಗರೇಟು ಬಿಟ್ಟೆ ಎಂದು ಬಂದ ದಿನ
ಬೆನ್ನು ತಟ್ಟಿದ್ದು ಇದೇ ಕೈ.

ರಕ್ತ ಬಂದಿದ್ದರೆ ಒಳ್ಳೆಯದಿತ್ತು, ಅಂದೆ.
ವಸಡು ಕೂಗುವುದೇ ರಕ್ತದಲ್ಲಿ.
ನಿಕೋಟಿನ್ ಅದರ ನಾಳ ಹಿಂಡಿ ಬಾಯಿಗೆ ಬಟ್ಟೆ ತುರುಕಿದೆ.
ಎಂಜಲು ಒಣಗಿದೆ, ಸಿಹಿಯ ಅಂಟು ಮೆತ್ತಿದೆ,
ಬೇರಿನ ಸುತ್ತ ಮೂಳೆ ಸದ್ದಿಲ್ಲದೆ ಸವೆಯುತ್ತಿದೆ.
ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ
ಅಡಿಯಲ್ಲಿ ಟೊಳ್ಳಾದ ನೆಲದ ಮೇಲೆ
ಮನೆ ಎಷ್ಟು ದಿನ ನೆಟ್ಟಗೆ ನಿಲ್ಲುತ್ತದೆಂದು.

ಮುಕ್ಕಳಿಸಿ ಉಗುಳಿದ.
ಕಡ್ಡಿ ತಾಗಿದ್ದಕ್ಕೆ ತೊಟ್ಟಿಯಲ್ಲಿ ಒಂದು ಗುಲಾಬಿ ಎಳೆ.
ಅದನ್ನೇ ನೋಡುತ್ತ
ನಾಲಿಗೆಯಿಂದ ಮುಂದಿನ ಹಲ್ಲನ್ನು ತಳ್ಳಿದ.
ಎಳ್ಳಷ್ಟು ಅಲುಗಿರಬೇಕು; ನನಗೆ ಕಾಣಲಿಲ್ಲ,
ಅವನ ಮುಖದಲ್ಲಿ ಕಂಡಿತು.
ಕಾರ್ನೆಟ್ಟಿನ ಬಾಯಿ ಊರುವುದು ಅಲ್ಲೇ, ತುಟಿಯಾಚೆ, ಆ ಹಲ್ಲಿನ ಮೇಲೆ.

ಶನಿವಾರ ಸ್ಪರ್ಧೆ, ಊದಬಹುದಾ?
ಊದು, ಅಂದೆ. ಆಮೇಲೆ ನಾಲ್ಕು ಸಲ ಬರಬೇಕು. ಮತ್ತೆ ಆ ಜೇಬಿನದು...
ಗೊತ್ತು, ಅಂದ, ಕೋಟು ಹಾಕಿಕೊಳ್ಳುತ್ತ.

ದೀಪ ಆರಿಸುವಾಗ ಕಿಟಕಿಯಿಂದ ನೋಡಿದೆ.
ಬಸ್ ನಿಲ್ದಾಣದಲ್ಲಿ ಏಳೆಂಟು ಮಂದಿ, ಚಳಿ,
ಎಲ್ಲರ ಬಾಯಿಂದಲೂ ಬಿಳಿ ಉಸಿರು.
ಅವನದು ಯಾವುದೆಂದು
ಇಲ್ಲಿಂದ ಹೇಳಲಾಗಲಿಲ್ಲ.