ಸೋಮವಾರದ ಬೂಟು

ಹರಾರೆಯಿಂದ ಟೆಂಡಾಯಿ ಬಂದು ಮೂರು ದಿನ.
ಸೋಮವಾರದಿಂದ ದನದ ದವಾಖಾನ್ಯಾಗ ತರಬೇತಿ;
ಹೊಸ ಬೂಟು ಮೆತ್ತಗಾಗಲಿ ಅಂತ
ಬೀದರಿನ ಬಿಸಿಲಾಗ ನಡಕೋತ ಹೋದ.

ಚೌಬಾರಾ ಬಿಟ್ಟು ಚೌಬಾರಾಕ್ಕೇ ಬಂದ, ಎರಡು ಸಲ.
ದಾರಿ ಕೇಳಿದ್ರ ಒಬ್ಬ ಉರ್ದು ಕೊಟ್ಟ, ಒಬ್ಬ ಮರಾಠಿ;
ನಾ ಕೊಟ್ಟಿದ್ದು ಚಹಾ,
ಮ್ಯಾಲ "ಬಲಕ್ಕ ಹೋಗಪಾ" ಅಂತ
ಎಡಗಡೆ ತೋರಿಸಿದ್ದು.

ನಮ್ಮ ಗಲ್ಲ್ಯಾಗ ಎಮ್ಮಿ ಅಡ್ಡ ನಿಂತಿತ್ತು.
ಅದರ ಕಿವಿಬುಡ ಕೆರೆದು
ತನ್ನ ಭಾಷಾದಾಗ ಏನೋ ಅಂದ,
ಮೂರು ದಿನದಾಗ ಮೊದಲ ಸಲ.
ಎಮ್ಮಿ ಸರೀತು.

ಸಂಜಿಗೆ ಹೊಸ್ತಿಲದಾಗ ಕುಂತು ಬೂಟು ಬಿಚ್ಚಿದ:
ಹಿಮ್ಮಡಕ ಬೊಬ್ಬಿ, ತೊಗಲ ತುಂಬ ಕೆಂಪು ಧೂಳು.
ಪಾಲಿಶ್ ಡಬ್ಬಿ ತೆಗೆದ, ಹಂಗೇ ಮುಚ್ಚಿದ.

ರಾತ್ರಿ ಗ್ವಾಡಿ ಆಚಿಂದ ಕೇಳಸ್ತಿತ್ತು
ನಾ ಕಲಿಸಿದ ಒಂದೇ ಶಬ್ದ:
ಎಮ್ಮಿ... ಎಮ್ಮಿ...